ಡಿಲೀಟ್ ಆದ ಫೈಲು ಎಲ್ಲಿಗೆ ಹೋಗುತ್ತೆ? ಎಲ್ಲಿಗೂ ಹೋಗಲ್ಲ!

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಡಿಮೆ ದುಡ್ಡಿಗೆ ಸಿಗುವ ಸೆಕೆಂಡ್ ಹ್ಯಾಂಡ್ ಹಾರ್ಡ್ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದರೆ ಖಾಲಿ ಅಂತಲೇ ತೋರಿಸಬಹುದು. ಆದರೆ ಖಾಲಿ ಅಂತ ತೋರಿಸೋದು ಬೇರೆ, ಖಾಲಿ ಇರೋದು ಬೇರೆ.

ನೀವು ಡಿಲೀಟ್ ಒತ್ತಿ, ರೀಸೈಕಲ್ ಬಿನ್ ಖಾಲಿ ಮಾಡಿದಾಗ ಸಾಮಾನ್ಯವಾಗಿ ಅಳಿಯುವುದು ಫೈಲಲ್ಲ, ಅದು ಎಲ್ಲಿದೆ ಅನ್ನೋ ನಮೂದು. ಲೈಬ್ರರಿಯ ಕ್ಯಾಟಲಾಗಿನಿಂದ ಚೀಟಿ ಹರಿದು ಹಾಕಿದಂತೆ. ಪುಸ್ತಕ ಕಪಾಟಿನಲ್ಲೇ ಇರುತ್ತೆ. ಆ ಜಾಗದ ಮೇಲೆ ಹೊಸ ಡೇಟಾ ಬರೆಯುವವರೆಗೂ ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಅದನ್ನು ಎತ್ತಿ ಕೊಡಬಲ್ಲದು. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಕಥೆ ಅಷ್ಟೇ.

ಇದು ಹೊಸ ವಿಷಯವೂ ಅಲ್ಲ. ಅಮೆರಿಕದ ಎಂಐಟಿಯ ಸಿಮ್ಸನ್ ಗಾರ್ಫಿಂಕಲ್ ಮತ್ತು ಅಭಿ ಶೆಲಾಟ್ ಬಳಸಿದ್ದ 158 ಡಿಸ್ಕ್ ಕೊಂಡು ಪರೀಕ್ಷಿಸಿ, 2003ರಲ್ಲಿ ವರದಿ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ನಂಬರ್‌ಗಳು ಸಿಕ್ಕವು.

ಆಮೇಲಾದರೂ ದೊಡ್ಡವರು ಪಾಠ ಕಲಿತರಾ? ಮೋರ್ಗನ್ ಸ್ಟಾನ್ಲಿ ತನ್ನ ಹಳೇ ಸಾಧನಗಳ ವಿಲೇವಾರಿಯನ್ನು ಡೇಟಾ ನಾಶಪಡಿಸಿ ಅನುಭವವೇ ಇಲ್ಲದ ಒಂದು ಸಾಗಣೆ ಕಂಪನಿಗೆ ವಹಿಸಿತು. ಗ್ರಾಹಕರ ಮಾಹಿತಿ ಇದ್ದ ಸಾಧನಗಳು ಕೊನೆಗೆ ಆನ್‌ಲೈನ್ ಹರಾಜಿಗೆ ಬಂದವು. ಸುಮಾರು 1.5 ಕೋಟಿ ಗ್ರಾಹಕರ ಮಾಹಿತಿ ಕಾಪಾಡದ ಲೋಪಕ್ಕೆ 2022ರಲ್ಲಿ ಅಮೆರಿಕದ ಷೇರು ನಿಯಂತ್ರಕರು 3.5 ಕೋಟಿ ಡಾಲರ್ ದಂಡ ಹಾಕಿದರು.

ನಮ್ಮಲ್ಲಿ? 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಸುರಕ್ಷತಾ ಲೋಪಕ್ಕೆ ₹250 ಕೋಟಿವರೆಗೆ ದಂಡವಿದೆ. ಕೇಳೋಕೆ ಚೆನ್ನಾಗಿದೆ. ಆದರೆ 17(4)ನೇ ಸೆಕ್ಷನ್ ಓದಿ: ಉದ್ದೇಶ ಮುಗಿದ ಮೇಲೆ ಡೇಟಾ ಅಳಿಸಬೇಕೆಂಬ ಹೊಣೆಯಿಂದ ಸರ್ಕಾರಕ್ಕೆ ವಿನಾಯಿತಿ. ರೇಷನ್ ಕಾರ್ಡು, ಪಹಣಿ, ಜಾತಿ ಪ್ರಮಾಣಪತ್ರ, ಆಸ್ಪತ್ರೆ ದಾಖಲೆ - ನಮ್ಮ ಬದುಕಿನ ಅತಿ ಹೆಚ್ಚು ವಿವರ ಯಾರ ಹತ್ತಿರ ಇದೆಯೋ, ಅವರಿಗೇ ಅಳಿಸುವ ಕಟ್ಟುಪಾಡಿಲ್ಲ!

ವೈಯಕ್ತಿಕವಾಗಿ ಮಾಡಬೇಕಾದ್ದು ಸರಳ. ಹಳೇ ಹಾರ್ಡ್ ಡಿಸ್ಕ್ ಆದರೆ ಇಡೀ ಡಿಸ್ಕಿನ ಮೇಲೆ ಒಮ್ಮೆ ಪೂರ್ತಿ ಬರೆಯಿಸಿ. ಎಸ್‌ಎಸ್‌ಡಿಗೆ ಅದು ಸಾಲದು. ಅದು ಒಂದೇ ಜಾಗ ಸವೆಯದಂತೆ ಡೇಟಾವನ್ನು ಅಲ್ಲಿಲ್ಲಿ ಹಂಚಿಡುತ್ತೆ. ಅದಕ್ಕೆ ತಯಾರಕರೇ ಕೊಡುವ ಸೆಕ್ಯೂರ್ ಇರೇಸ್ ಬಳಸಿ, ಮೊದಲ ದಿನದಿಂದಲೇ ಎನ್‌ಕ್ರಿಪ್ಷನ್ ಆನ್ ಮಾಡಿಡಿ. ಈಗಿನ ಫೋನುಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿರೋದ್ರಿಂದ ಫ್ಯಾಕ್ಟರಿ ರೀಸೆಟ್ ಅದರ ಕೀಲಿಯನ್ನೇ ಎಸೆಯುತ್ತೆ. ಮೆಮೊರಿ ಕಾರ್ಡ್ ಮಾತ್ರ ಕಿತ್ತು ನಿಮ್ಮ ಬಳಿಯೇ ಇಟ್ಕೊಳ್ಳಿ.

ಆದರೆ ತಾಲ್ಲೂಕು ಕಚೇರಿಯ ಡಿಸ್ಕನ್ನು ನಾವು ಅಳಿಸೋಕಾಗಲ್ಲ, ಪ್ರಶ್ನೆ ಕೇಳಬಹುದು. 'ಹಳೇ ಕಂಪ್ಯೂಟರ್ ವಿಲೇವಾರಿ ಮಾಡುವ ಮೊದಲು ಡಿಸ್ಕ್ ಅಳಿಸಿದ ದಾಖಲೆ ಕೊಡಿ' ಅಂತ ಒಂದು ಆರ್‌ಟಿಐ ಅರ್ಜಿ ಹಾಕಿ. ಶುಲ್ಕ ಬರೀ ಹತ್ತು ರೂಪಾಯಿ.