ಹಳದಿ ಹಲ್ಲು ಮತ್ತು ನನ್ನ ಅವಸರದ ತೀರ್ಪು

ಮಾಷ್ಟ್ರು ಹೇಳಿದ್ದನ್ನು ಮಕ್ಕಳು ಎಷ್ಟು ನಂಬುತ್ತಾರೆ ಎಂಬುದು ನಮಗೆ ಕೆಲವೊಮ್ಮೆ ತಡವಾಗಿ ತಿಳಿಯುತ್ತದೆ.

ನಮ್ಮ ಏಳನೇ ತರಗತಿಯ ಹುಡುಗನೊಬ್ಬನಿಗೆ ಅವನ ಮಾವ ಮಂಗಳೂರಿನಿಂದ ಹ್ಯಾಮ್ಸ್ಟರ್ ತಂದುಕೊಟ್ಟಿದ್ದರು. ಇಲಿಯನ್ನು ಹೋಲುವ, ಗಿಡ್ಡ ಬಾಲದ, ಕೆನ್ನೆಯ ಚೀಲದಲ್ಲಿ ಕಾಳು ತುಂಬಿಕೊಳ್ಳುವ ಪುಟ್ಟ ಪ್ರಾಣಿ. ಒಂದೂವರೆ ವರ್ಷ ಚೆನ್ನಾಗಿಯೇ ಇತ್ತು. ಒಂದು ದಿನ ಹುಡುಗ ಬಂದು, "ಮಾಷ್ಟ್ರೆ, ಅದು ಸರಿ ತಿನ್ನುವುದಿಲ್ಲ. ಹಲ್ಲೆಲ್ಲ ಹಳದಿ ಉಂಟು" ಎಂದ. ನಾನು ಹಿಂದೆ ಮುಂದೆ ನೋಡದೆ, "ಕಾಮಾಲೆ ಇರಬೇಕು, ಲಿವರ್ ತೊಂದರೆ" ಎಂದುಬಿಟ್ಟೆ. ಮನೆಯಲ್ಲಿ ಅಜ್ಜಿ ನೆಲನೆಲ್ಲಿ ಅರೆದು ರಸವನ್ನು ಅದರ ಬಾಯಿಗೆ ಹಿಂಡಿದರು. ನಾಲ್ಕನೇ ದಿನ ಅದು ಸತ್ತಿತು.

ಹುಡುಗನ ಅಪ್ಪ ಅದನ್ನು ಪಶುವೈದ್ಯರಲ್ಲಿಗೆ ಒಯ್ದರು. ಕೊಯ್ದು ನೋಡಿದಾಗ ಲಿವರ್ ತುಂಬ ನೀರು ತುಂಬಿದ ಗುಳ್ಳೆಗಳು. ಹಾಗಾದರೆ ನಾನು ಹೇಳಿದ್ದು ಸರಿಯೇ ಆಯಿತಲ್ಲ? ಇಲ್ಲ. ಹ್ಯಾಮ್ಸ್ಟರಿನ ಮುಂದಿನ ಹಲ್ಲು ಹುಟ್ಟಾ ಹಳದಿ. ಆರೋಗ್ಯವಂತ ಹಲ್ಲಿನ ಬಣ್ಣವೇ ಅದು. ಕಾಮಾಲೆಯನ್ನು ನೋಡಬೇಕಾದದ್ದು ಕಿವಿಯ ಒಳಗೆ, ಒಸಡಿನಲ್ಲಿ, ಪಾದದಡಿಯಲ್ಲಿ. ನಿಜವಾದ ಲಕ್ಷಣ ಬೇರೆಯೇ ಇತ್ತು. ಎರಡು ತಿಂಗಳಿಂದ ಹೊಟ್ಟೆ ಉಬ್ಬುತ್ತಿತ್ತು. ಮನೆಯವರೆಲ್ಲ ಅದನ್ನು "ತಿಂದು ದಪ್ಪವಾಗಿದೆ" ಎಂದು ಸಂತೋಷಪಟ್ಟಿದ್ದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಆ ಕಾಮಾಲೆ ನನ್ನ ಕಣ್ಣಿನಲ್ಲಿತ್ತು.

ಆಮೇಲೆ ವೈದ್ಯರನ್ನು ಕೇಳಿ, ಓದಿ ಕೆಲವು ಸಂಗತಿ ತಿಳಿದುಕೊಂಡೆ. ಹ್ಯಾಮ್ಸ್ಟರಿನ ಆಯುಸ್ಸು ಎರಡು ಮೂರು ವರ್ಷ ಅಷ್ಟೆ. ಒಂದು ವರ್ಷ ದಾಟಿದವುಗಳಲ್ಲಿ ಲಿವರಿನ ಗುಳ್ಳೆ ಅಪರೂಪವಲ್ಲ. ಬೇಟೆಗೆ ಸಿಗುವ ಪ್ರಾಣಿಯಾದ್ದರಿಂದ ಅದು ತನ್ನ ಕಾಯಿಲೆಯನ್ನು ಅಡಗಿಸುತ್ತದೆ. ಹಗಲು ಮಲಗುವುದು ಸಹಜ. ರಾತ್ರಿಯೂ ಚಕ್ರ ಓಡಿಸದೆ ಮುದುಡಿ ಕೂತರೆ ಅನುಮಾನಿಸಬೇಕು. ಹೊಟ್ಟೆ ದಪ್ಪ, ಬೆನ್ನಿನ ಮೂಳೆ ಮಾತ್ರ ಕೈಗೆ ಚುಚ್ಚುತ್ತದೆ ಎಂದಾದರೆ ಅದು ಕೊಬ್ಬಲ್ಲ, ರೋಗ. ಆದರೆ ಯಾವ ರೋಗ? ಹೃದಯ, ಕಿಡ್ನಿ, ಗರ್ಭಕೋಶದ ತೊಂದರೆಗೂ ಹೊಟ್ಟೆ ಉಬ್ಬುತ್ತದೆ. ಹೆಣ್ಣಾದರೆ ಗರ್ಭವೂ ಇರಬಹುದು. ಸ್ಕ್ಯಾನಿಂಗ್ ಮಾಡಿದರೆ ನೀರೋ, ಗುಳ್ಳೆಯೋ, ಗಡ್ಡೆಯೋ ಗೊತ್ತಾಗುತ್ತದೆ. ರಕ್ತಪರೀಕ್ಷೆ ಸುಲಭವಲ್ಲ, 120 ಗ್ರಾಂ ತೂಗುವ ಪ್ರಾಣಿಯಿಂದ ಸುಮಾರು ಒಂದು ಮಿಲಿಲೀಟರಿಗಿಂತ ಹೆಚ್ಚು ರಕ್ತ ತೆಗೆಯುವಂತಿಲ್ಲ.

ನನ್ನ ಅಭಿಪ್ರಾಯ ಇಷ್ಟೆ. ರೋಗಕ್ಕೆ ಹೆಸರಿಡುವುದು ನಮ್ಮ ಕೆಲಸವಲ್ಲ, ಗಮನಿಸಿ ಬರೆದಿಡುವುದು ನಮ್ಮ ಕೆಲಸ. ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ನೋಟ್ ಪುಸ್ತಕದಲ್ಲಿ ಬರೆಯಲು ಐದನೇ ತರಗತಿಯ ಮಗುವಿಗೂ ಬರುತ್ತದೆ. 120 ಗ್ರಾಮಿನಲ್ಲಿ 12 ಗ್ರಾಂ ಇಳಿದರೆ, 60 ಕಿಲೋದ ಮನುಷ್ಯ 6 ಕಿಲೋ ಇಳಿದ ಹಾಗೆ. ಶೇಕಡಾ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಆ ಪುಸ್ತಕವನ್ನು ವೈದ್ಯರ ಮುಂದಿಟ್ಟರೆ ಅವರ ಅರ್ಧ ಕೆಲಸ ಆದಂತೆಯೇ.

ಮನುಷ್ಯರ ಮಾತ್ರೆ, ಟಾನಿಕ್, ಸೊಪ್ಪಿನ ರಸ ಬೇಡ. ನಮಗೆ ಸಾಮಾನ್ಯವಾದ ಪೆನಿಸಿಲಿನ್ ಜಾತಿಯ ಮಾತ್ರೆಯೇ ಹ್ಯಾಮ್ಸ್ಟರಿನ ಕರುಳು ಕೆಡಿಸಿ ಕೊಲ್ಲಬಲ್ಲದು. ಅಜ್ಜಿಯ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. ರೋಗದ ಹೆಸರು ಹೇಳಿದವನು ನಾನು.

ಈ ಗುಳ್ಳೆಗೆ ಪೂರ್ತಿ ಗುಣವಾಗುವ ಮದ್ದು ಇರಲಿಲ್ಲ ಎಂದು ವೈದ್ಯರು ಹೇಳಿದರು. ಆದರೆ ಮೊದಲೇ ತಿಳಿದಿದ್ದರೆ ನೀರು ತೆಗೆದು ಸ್ವಲ್ಪ ದಿನ ಹಗುರ ಮಾಡಬಹುದಿತ್ತಂತೆ. ಕೊನೆಯ ನಾಲ್ಕು ದಿನ ಕಹಿ ರಸ ಕುಡಿಸಿ ಹಿಂಸೆ ಮಾಡುವುದಂತೂ ತಪ್ಪುತ್ತಿತ್ತು.

ಮರುವಾರ ತರಗತಿಯಲ್ಲಿ ಎಲ್ಲರ ಎದುರು, "ನಾನು ನೋಡದೆ ಹೇಳಿದ್ದು ತಪ್ಪು" ಎಂದೆ. ಹುಡುಗ ತಲೆ ಎತ್ತಿ, "ಹಾಗಾದರೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಹೇಳಬಹುದಾ ಮಾಷ್ಟ್ರೆ?" ಎಂದು ಕೇಳಿದ. ಹೇಳಬಹುದು ಮಗಾ, ಹೇಳಲೇಬೇಕು. ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೆ ನಾನೂ ಕಲಿತೆ.