ಚೂರಿ ಒಗೆದವರ್ಯಾರು?

ಈ ಸಲ ನಮ್ಮ ದುಂಡಸಿಯಲ್ಲಿ ನಾಲ್ಕು ಮಂದಿ ಕೂಡಿ ಚೀನೀ ಚಿತ್ರವೊಂದನ್ನು ನೋಡಿದೆವು. 2006ರ ‘ದಿ ಬ್ಯಾಂಕ್ವೆಟ್’, ನಿರ್ದೇಶನ ಫೆಂಗ್ ಷಿಯಾವೊಗಾಂಗ್. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ಗೆ ಹತ್ತನೇ ಶತಮಾನದ ಚೀನಾ ಅರಮನೆಯ ವೇಷ! ಅಣ್ಣನನ್ನು ಕೊಂದು ಪಟ್ಟವೇರಿದ ತಮ್ಮ, ಸೇಡಿಗೆ ಕಾದ ರಾಜಕುಮಾರ. ಆದರೆ ರಾಣಿ (ಝಾಂಗ್ ಝಿಯಿ) ಇಲ್ಲಿ ಹೆತ್ತ ತಾಯಲ್ಲ, ಮಲತಾಯಿ. ಅವನ ಹಳೆಯ ಪ್ರೇಯಸಿ!

‘ತಾಯೀನ್ನs ಬದಲ ಮಾಡಿದ ಮ್ಯಾಲೆ ಕಥಿ ಏನ್ ಉಳೀತ್ರಿ?’ ಎಂದು ಮಾಸ್ತರರು ಮುಖ ಸಿಂಡರಿಸಿದರು. ‘ಕುವೆಂಪು ಅವರೂ ‘ರಕ್ತಾಕ್ಷಿ’ಯೊಳಗ ಹ್ಯಾಮ್ಲೆಟ್‌ನ್ನ ಬಿದನೂರಿಗೆ ಕರಕೊಂಡು ಬಂದಿದ್ರಲ್ರಿ ಸರ, ಊರು ಬದಲಾದ್ರ ಕಥೀನೂ ಬದಲಾಗ್ತದ’ ಎಂದೆ. ಮಾಸ್ತರರು ಒಪ್ಪಲಿಲ್ಲ.

ಕೊನೆಗೆ ರಾಣಿಯ ಬೆನ್ನಿಗೆ ಚೂರಿ ನಾಟುತ್ತದೆ. ಒಗೆದ ಕೈ ತೆರೆಯ ಮೇಲೆ ಕಾಣುವುದೇ ಇಲ್ಲ! ‘ದಾಸಿ’ ಎಂದನೊಬ್ಬ, ‘ಮಂತ್ರಿ ಕಡಿಯವ್ರು’ ಎಂದನಿನ್ನೊಬ್ಬ. ಜಗಳವೇ ಹತ್ತಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕಾರು ಆಗ ಬಾಯಿಬಿಟ್ಟರು: ‘ಯಾರರ ಒಗೀಲಿ ಬಿಡ್ರಿ. ರಾಜಾಗ ಅಂತ ರಾಣಿ ಇಟ್ಟ ವಿಷಾ ಕುಡಿದು ಆ ಕುಣಿಯೋ ಹುಡುಗಿ ಸತ್ತಳಲ್ಲ, ಆಕಿ ಏನ್ ತಪ್ಪ ಮಾಡಿದ್ಲು? ಆಕೀನ್ನ ಯಾರೂ ಕೇಳಲಿಲ್ಲ.’

ಎಲ್ಲರೂ ಗಪ್‌ಚಿಪ್. ಗಾದಿಯ ಜಗಳದಲ್ಲಿ ಮೊದಲು ಸಾಯುವುದು ಗಾದಿ ಬೇಡದವರೇ. ಅಕ್ಕಾರ ವಿಮರ್ಶೆಗೆ ನನ್ನ ಓಟು. ನಿಮ್ಮದು?