ವಿಮಾನದಲ್ಲಿ ಪಂಕ್ತಿಭೇದ

ಬಸ್ಸಿನಲ್ಲಿ ಸೀಟು ಹಿಡಿಯುವ ವಿದ್ಯೆಯನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಿಟಕಿಯಿಂದ ಕರ್ಚೀಫು ಹಾಕಿದರೆ ಸೀಟು ನಮ್ಮದಾಯಿತು. ಆಮೇಲೆ ಕೈಗೂಸಿನ ತಾಯಿಯೋ ಕೋಲೂರಿಕೊಂಡ ಅಜ್ಜನೋ ಹತ್ತಿದರೆ ಎದ್ದು ಜಾಗ ಬಿಡಬೇಕೆಂಬುದನ್ನು ಮಾತ್ರ ಅಪ್ಪ ಅಮ್ಮ ಕಲಿಸಬೇಕಾಗುತ್ತದೆ. ಹಿಡಿಯುವವರೂ ನಾವೇ, ಬಿಡುವವರೂ ನಾವೇ. ಕಂಡಕ್ಟರನ್ನು ಕೇಳುವ ಪ್ರಶ್ನೆಯೇ ಬರುವುದಿಲ್ಲ.

ವಿಮಾನದಲ್ಲಿ ಹಾಗಲ್ಲ. ಒಂದು ಸಂದರ್ಭ ಊಹಿಸಿಕೊಳ್ಳಿ. ಕಂಪನಿಯ ಕೆಲಸದ ಮೇಲೆ ಹೊರಟ ಮಗನಿಗೆ ಕಂಪನಿಯೇ ಕೊಡಿಸಿದ ಬಿಸಿನೆಸ್ ಕ್ಲಾಸಿನ ಟಿಕೆಟ್. ಜೊತೆಗೆ ಹೊರಟ ತಾಯಿಗೆ ಎಕಾನಮಿ. ತಾಯಿಗೆ ಮಂಡಿನೋವು. ಹತ್ತು ಹನ್ನೆರಡು ಗಂಟೆ ಕಾಲು ಮಡಚಿ ಕೂರುವುದು ಅವರಿಗೆ ಶಿಕ್ಷೆ. “ಅಮ್ಮಾ, ನೀನು ಮುಂದೆ ಕೂತ್ಕೋ, ನಾನು ಹಿಂದೆ ಹೋಗ್ತೀನಿ” ಎಂದು ಮಗ ಹೇಳುತ್ತಾನೆ. ಹೇಳಬೇಕಾದ ಮಾತೇ. ಆದರೆ ಅಲ್ಲಿಗೆ ಬರುವ ಗಗನಸಖಿ ಏನೆನ್ನಬೇಕು? ಒಪ್ಪಬೇಕೇ, ಒಪ್ಪಬಾರದೇ? ಒಪ್ಪಿದರೆ ಆ ತಾಯಿಯನ್ನು ಹೇಗೆ ನಡೆಸಿಕೊಳ್ಳಬೇಕು?

2019ರ ಡಿಸೆಂಬರಿನಲ್ಲಿ ಇಂಥದೊಂದು ಘಟನೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ನ್ಯೂಯಾರ್ಕಿನಿಂದ ಲಂಡನ್ನಿಗೆ ಹೊರಟಿದ್ದ ವರ್ಜಿನ್ ಅಟ್ಲಾಂಟಿಕ್ ವಿಮಾನ. ಎಂಬತ್ತು ದಾಟಿದ, ಹಿಂದೆ ನರ್ಸ್ ಆಗಿದ್ದ ಮಹಿಳೆಯೊಬ್ಬರು ಹಿಂದಿನ ಕ್ಯಾಬಿನ್ನಿನ ಪ್ರಯಾಣಿಕರು. ಒಮ್ಮೆಯಾದರೂ ವಿಮಾನದ ಮುಂದಿನ ಭಾಗದಲ್ಲಿ ಕೂರಬೇಕೆಂಬುದು ಅವರ ಆಸೆ. ನಿಲ್ದಾಣದಲ್ಲಿ ಪರಿಚಯವಾದ ಪ್ರಯಾಣಿಕನೊಬ್ಬ ತನ್ನ ಮೇಲ್ದರ್ಜೆಯ ಸೀಟನ್ನು ಅವರಿಗೆ ಬಿಟ್ಟುಕೊಟ್ಟು, ತಾನು ಹೋಗಿ ಎಕಾನಮಿಯ ಶೌಚಾಲಯದ ಪಕ್ಕದ ಸಾಲಿನಲ್ಲಿ ಕುಳಿತ. ಯಾರೂ ಹೇಳಿ ಮಾಡಿಸಿದ್ದಲ್ಲ. ಕುಳಿತ ಮೇಲೆ ಏನನ್ನೂ ಕೇಳಲಿಲ್ಲ.

ಪತ್ರಿಕೆಗಳು ಆತನನ್ನು ಹೊಗಳಿದವು. ಹೊಗಳಬೇಕಾದದ್ದೇ. ಆದರೆ ಈ ಕಥೆಯನ್ನು ಹೊರಗೆ ಹೇಳಿದ್ದು ಆತನಲ್ಲ, ಅಂದು ಕೆಲಸದಲ್ಲಿದ್ದ ಗಗನಸಖಿ. ಆ ವೃದ್ಧೆಗೆ ಊಟವಾದ ಮೇಲೆ ಹಾಸಿಗೆ ಸಿದ್ಧಪಡಿಸಿ, ಹೊದಿಕೆ ಹೊದಿಸಿ ಮಲಗಿಸಿದ್ದು ಆಕೆ. ಮಗಳು ನಂಬುವುದಿಲ್ಲ, ಒಂದು ಫೋಟೋ ಬೇಕು ಎಂದಾಗ ತಾನೇ ಜೊತೆಗೆ ನಿಂತು ತೆಗೆದದ್ದೂ ಆಕೆಯೇ. ಸೀಟು ಕೊಟ್ಟವನ ದೊಡ್ಡತನ ಒಂದು ತೂಕವಾದರೆ, ಆ ಸೀಟಿನಲ್ಲಿ ಕೂತವರಿಗೆ ತಾನು ಹೊರಗಿನವಳೆಂಬ ಸಂಕೋಚ ಬಾರದಂತೆ ನೋಡಿಕೊಂಡದ್ದು ಇನ್ನೊಂದು ತೂಕ. ಈ ಎರಡನೆಯದು ನಮ್ಮ ಕಣ್ಣಿಗೆ ಬೀಳುವುದು ಕಡಿಮೆ.

ಹಾಗಾದರೆ ಕೇಳಿದವರಿಗೆಲ್ಲ ಸೀಟು ಬದಲಿಸಿಕೊಡಬಹುದಲ್ಲ ಎಂದು ನೀವು ಕೇಳಬಹುದು. ಅಷ್ಟು ಸುಲಭವಲ್ಲ. ಈ ವಿಷಯದಲ್ಲಿ ಒಂದೊಂದು ಕಂಪನಿಯ ನಿಯಮ ಒಂದೊಂದು ರೀತಿ ಇರುತ್ತದೆ. ಗಗನಸಖಿ ತಡೆದರೆ ಅದು ಗರ್ವ ಎಂದುಕೊಳ್ಳುವ ಮೊದಲು ಆಕೆಯ ತಲೆಯಲ್ಲಿರುವ ಲೆಕ್ಕಗಳನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲನೆಯದು ತೂಕದ ಲೆಕ್ಕ. ಹೊಳೆ ದಾಟುವ ದೋಣಿಯಲ್ಲಿ ಅಂಬಿಗ “ನೀವು ಈ ಕಡೆ ಬನ್ನಿ, ನೀವು ಆ ಕಡೆ ಕೂರಿ” ಎನ್ನುತ್ತಾನಲ್ಲ, ವಿಮಾನಕ್ಕೂ ಅದೇ ನ್ಯಾಯ. ಯಾವ ಭಾಗದಲ್ಲಿ ಎಷ್ಟು ಜನ, ಎಷ್ಟು ಸಾಮಾನು ಎಂದು ಲೆಕ್ಕ ಹಾಕಿಯೇ ವಿಮಾನ ಮೇಲೇಳುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಯಂಥ ಊರುಗಳಿಗೆ ಹಾರಾಡುವ ಚಿಕ್ಕ ಎಟಿಆರ್ ವಿಮಾನಗಳಲ್ಲಿ ದರ್ಜೆಯ ಭೇದವೇ ಇಲ್ಲ. ಆದರೂ ಜನ ಕಡಿಮೆಯಿದ್ದಾಗ ಮನಸ್ಸಿಗೆ ಬಂದಲ್ಲಿ ಕೂರಲು ಬಿಡುವುದಿಲ್ಲ. ದೊಡ್ಡ ವಿಮಾನದಲ್ಲಿ ಇಬ್ಬರು ಅದಲು ಬದಲಾದರೆ ತೂಕ ಏರುಪೇರಾಗುವುದಿಲ್ಲ, ನಿಜ. ಆದರೆ ವಿಮಾನ ಏರುವ ಮುಂಚೆ ಒಬ್ಬರು ಹೀಗೆ ಎದ್ದರೆ ಹತ್ತು ಜನ ಏಳುತ್ತಾರೆ.

ಎರಡನೆಯದು ಊಟದ ಲೆಕ್ಕ. ಇದು ನಮ್ಮವರಿಗೆ ಬೇಗ ಅರ್ಥವಾಗುವಂಥದು. ದೂರದ ಪ್ರಯಾಣದಲ್ಲಿ ಸಸ್ಯಾಹಾರವನ್ನು ಮೊದಲೇ ಹೇಳಿಟ್ಟಿರುತ್ತೇವೆ. ಆ ತಟ್ಟೆ ಪ್ರಯಾಣಿಕರ ಹೆಸರು, ಸೀಟಿನ ಸಂಖ್ಯೆಗೆ ಅಂಟಿಕೊಂಡು ಬರುತ್ತದೆ. ಹೇಳದೆ ಕೇಳದೆ ತಾಯಿ ಮುಂದೆ ಬಂದರೆ ಅವರ ಊಟ ಹಿಂದಿನ ಸಾಲಿಗೆ ಹೋಗುತ್ತದೆ. ಮುಂದೆ ಅವರೆದುರು ಬರುವುದು ಇನ್ನಾವುದೋ ತಟ್ಟೆ. ಕಡಲೆಕಾಯಿ ಒಗ್ಗದವರು, ಸಕ್ಕರೆ ಕಾಯಿಲೆಯವರು ಇದ್ದರೆ ಇದು ರುಚಿಯ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಯಾರಿಗಾದರೂ ದಾರಿಯಲ್ಲಿ ಮೈ ಸರಿಯಿಲ್ಲದೆ ಎಚ್ಚರ ತಪ್ಪಿದರೂ ಅವರು ಯಾರೆಂದು ಮೊದಲು ಹೇಳುವುದು ಸೀಟಿನ ಸಂಖ್ಯೆಯೇ.

ಮೂರನೆಯದು ನ್ಯಾಯದ ಲೆಕ್ಕ. ಟಿಕೆಟ್ಟಿನಲ್ಲಿ ಇರುವುದು ಒಬ್ಬರ ಹೆಸರು. ಅಲ್ಲಿ ಕೂರುವ ಹಕ್ಕು ಅವರದು. ಇನ್ನೊಬ್ಬರಿಗೆ ದಾನ ಮಾಡುವ ಹಕ್ಕೂ ಬಂತೇ ಎಂಬುದನ್ನು ಹೇಳಬೇಕಾದವರು ಕಂಪನಿಯವರು. ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರುವುದು ಒಂದು ಮಾತು. “ಮುಂದೆ ಖಾಲಿ ಇದೆಯಲ್ಲ, ನಾನು ಹೋಗಿ ಕೂತರೆ ಏನು?” ಎನ್ನುವುದು ಬೇರೆಯೇ ಮಾತು. ಮೊದಲನೆಯದರಲ್ಲಿ ಒಬ್ಬರು ಬಿಟ್ಟುಕೊಟ್ಟಿರುತ್ತಾರೆ. ಎರಡನೆಯದರಲ್ಲಿ ಬೆಲೆ ಕೊಡದೆ ತೆಗೆದುಕೊಳ್ಳುವುದಷ್ಟೇ ಇದೆ. ಅಪ್ಪ ಮುಂದೆ ಕೂತು ಅಲ್ಲಿಯ ಐಸ್‌ಕ್ರೀಮನ್ನು ಹಿಂದಿನ ಸಾಲಿನ ಮಗನಿಗೆ ಸಾಗಿಸುವುದೂ ಇದೇ ಜಾತಿಗೆ ಸೇರಿದ್ದು.

ಅಂದಹಾಗೆ ಈ ದರ್ಜೆಗಳು ವಿಮಾನದ ಜೊತೆಗೇ ಹುಟ್ಟಿದವಲ್ಲ. ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ ಕಡಿಮೆ ದರದ ‘ಟೂರಿಸ್ಟ್’ ದರ್ಜೆ ಬಂದದ್ದು 1952ರಲ್ಲಿ, ‘ಎಕಾನಮಿ’ ಬಂದದ್ದು 1958ರಲ್ಲಿ. ‘ಬಿಸಿನೆಸ್ ಕ್ಲಾಸ್’ ಕಾಣಿಸಿಕೊಂಡದ್ದು 1970ರ ದಶಕದ ಕೊನೆಯಲ್ಲಿ. ನಡುವಿನ ಪರದೆ ದುಡ್ಡಿನ ಪರದೆ. ಮನುಷ್ಯರ ಯೋಗ್ಯತೆಯ ಪರದೆಯಲ್ಲ.

ನಮ್ಮಲ್ಲಿ ಪಂಕ್ತಿಭೇದ ಎಂಬ ಮಾತಿದೆ. ಒಂದೇ ಸಾಲಿನಲ್ಲಿ ಕೂತವರಲ್ಲಿ ಒಬ್ಬರಿಗೆ ತುಪ್ಪ, ಒಬ್ಬರಿಗೆ ಬರಿಯ ಅನ್ನ ಬಡಿಸುವುದನ್ನು ಹಿರಿಯರು ಪಾಪವೆಂದೇ ತಿಳಿದಿದ್ದರು. ವಿಮಾನದಲ್ಲಿ ಮುಂದಿನವರಿಗೆ ಒಂದು ಊಟ, ಹಿಂದಿನವರಿಗೆ ಒಂದು ಊಟ ಇರುವುದು ಕೊಟ್ಟ ಹಣಕ್ಕೆ ತಕ್ಕಂತೆ. ಅದು ಪಂಕ್ತಿಭೇದವಲ್ಲ, ಎರಡು ಬೇರೆ ಪಂಕ್ತಿ. ಆದರೆ ಹಿಂದಿನಿಂದ ಒಬ್ಬರನ್ನು ಕರೆದು ಮುಂದಿನ ಪಂಕ್ತಿಯಲ್ಲಿ ಕೂರಿಸಿದ ಮೇಲೆ, ಅಕ್ಕಪಕ್ಕದವರಿಗೆ ನಗುಮುಖ, ಇವರಿಗೆ ಬಿಗಿಮುಖ ಎಂದಾದರೆ ಅದು ನಿಜವಾದ ಪಂಕ್ತಿಭೇದ. ಎಲ್ಲರಿಗೂ ಬಿಸಿ ಕರವಸ್ತ್ರ ಕೊಟ್ಟು ಈ ತಾಯಿಯನ್ನು ಮಾತ್ರ ದಾಟಿ ಹೋದರೆ ಅವರು ಕೇಳುವುದಿಲ್ಲ. ಸೆರಗು ಸರಿಮಾಡಿಕೊಂಡು ಸೀಟಿನ ತುದಿಗೆ ಸರಿದು ಕೂರುತ್ತಾರೆ. ಅದಕ್ಕಿಂತ ಹಿಂದಿನ ಸೀಟೇ ನೆಮ್ಮದಿ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಒಪ್ಪುವುದಾದರೆ ಪೂರ್ತಿ ಒಪ್ಪಬೇಕು, ಇಲ್ಲವಾದರೆ ಮೊದಲೇ ಇಲ್ಲವೆನ್ನಬೇಕು. ಕೂರಲು ಬಿಟ್ಟು ಅರ್ಧ ಉಪಚಾರ ಮಾಡುವುದು ಎರಡಕ್ಕಿಂತ ಕೆಟ್ಟದ್ದು. ಸೀಟು ಒರಗಿಸುವ ಗುಂಡಿ ಯಾವುದು, ದೀಪ ಯಾವುದು, ಕರೆಯಲು ಏನನ್ನು ಒತ್ತಬೇಕು ಎಂಬುದು ಅಂಥ ತಾಯಿಗೆ ಗೊತ್ತಿರುವುದಿಲ್ಲ. ಕೇಳಲು ಭಾಷೆಯ ತೊಡಕೂ ಇರಬಹುದು. ಅವರು ಕೇಳುವ ಮೊದಲೇ ಬಗ್ಗಿ ತೋರಿಸಿಕೊಡುವ ಗಗನಸಖಿ ನಿಯಮಪುಸ್ತಕ ಕಲಿಸದ ಪಾಠವನ್ನು ಕಲಿತಿದ್ದಾಳೆ ಎಂದೇ ಅರ್ಥ. ಹಾಗೆಯೇ ಸೀಟು ಕೊಟ್ಟವರೂ ಪೂರ್ತಿ ಕೊಡಬೇಕು. ಹಿಂದೆ ಹೋಗಿ ಕೂತು “ನನ್ನದು ಬಿಸಿನೆಸ್ ಕ್ಲಾಸ್ ಟಿಕೆಟ್, ಆ ಊಟ ಇಲ್ಲಿಗೇ ತನ್ನಿ” ಎಂದರೆ ಕೊಟ್ಟದ್ದರಲ್ಲಿ ಅರ್ಧ ವಾಪಸು ಕೇಳಿದಂತೆ.

ಇಲ್ಲವೆನ್ನುವುದರಲ್ಲೂ ಎರಡು ಬಗೆ. “ಮೇಡಂ, ಇದು ನಿಮ್ಮ ಸೀಟಲ್ಲ, ಹಿಂದೆ ಹೋಗಿ” ಎಂದು ಎಲ್ಲರಿಗೂ ಕೇಳುವಂತೆ ಹೇಳುವುದು ಒಂದು. ಮಗನ ಹತ್ತಿರ ಬಂದು, ದನಿ ತಗ್ಗಿಸಿ, “ಸರ್, ಅಮ್ಮನವರಿಗೆ ಆರಾಮ ಬೇಕೆನ್ನುವುದು ಅರ್ಥವಾಗುತ್ತದೆ. ನಮ್ಮಲ್ಲಿ ಹೀಗೆ ಬದಲಿಸಲು ಅವಕಾಶವಿಲ್ಲ. ಹಿಂದೆ ಪಕ್ಕದ ಸೀಟು ಖಾಲಿ ಇರುವ ಸಾಲು ಸಿಗುತ್ತದೆಯೇ ನೋಡುತ್ತೇನೆ, ಒಂದು ದಿಂಬನ್ನೂ ತಂದುಕೊಡುತ್ತೇನೆ” ಎನ್ನುವುದು ಇನ್ನೊಂದು. ಎರಡರಲ್ಲೂ ನಿಯಮ ಒಂದೇ. ಮೊದಲನೆಯದರಲ್ಲಿ ತಾಯಿಗೆ ಅವಮಾನವಾಯಿತು. ಎರಡನೆಯದರಲ್ಲಿ ಒಂದು ದಿಂಬು ಸಿಕ್ಕಿತು.

ಸೀಟು ಬದಲಾವಣೆ ಯಾವಾಗಲೂ ಉಪಕಾರವೇ ಆಗಿರುವುದಿಲ್ಲ ಎಂಬುದಕ್ಕೂ ಉದಾಹರಣೆಯಿದೆ. 2018ರ ಅಕ್ಟೋಬರಿನಲ್ಲಿ ಬಾರ್ಸಿಲೋನಾದಿಂದ ಲಂಡನ್ನಿನ ಸ್ಟಾನ್‌ಸ್ಟೆಡ್‌ಗೆ ಹೊರಟಿದ್ದ ರಯಾನ್‌ಏರ್ ವಿಮಾನದಲ್ಲಿ ಒಬ್ಬ ಪ್ರಯಾಣಿಕ ತನ್ನ ಸಾಲಿನಲ್ಲಿದ್ದ ವಯಸ್ಸಾದ ಕಪ್ಪು ಮಹಿಳೆಯನ್ನು ಮೈಬಣ್ಣ ಹಿಡಿದು ಕೂಗಾಡಿ ಬೈದ. ಕೊನೆಗೆ ಎದ್ದು ಬೇರೆ ಸೀಟಿಗೆ ಹೋದವರು ಆ ಮಹಿಳೆ. ಬೈದವನು ಕೂತಲ್ಲೇ ಉಳಿದ. ಇನ್ನೊಬ್ಬ ಪ್ರಯಾಣಿಕ ತೆಗೆದ ವಿಡಿಯೋ ಎಲ್ಲೆಡೆ ಹರಡಿ ಕಂಪನಿ ಕಟುಟೀಕೆಗೆ ಗುರಿಯಾಯಿತು. ಜಗಳ ನಿಲ್ಲಿಸುವುದೇ ಸೌಜನ್ಯ ಎಂದುಕೊಂಡರೆ ಹೀಗಾಗುತ್ತದೆ. ಮೆತ್ತಗಿರುವವರನ್ನು ಎಬ್ಬಿಸುವುದು ಸುಲಭ. ಸುಲಭವಾದದ್ದು ನ್ಯಾಯವಾಗಬೇಕೆಂದೇನೂ ಇಲ್ಲ.

ಈ ಕೆಲಸಕ್ಕೆ ಸೇರಬೇಕೆಂದಿರುವ ವಿದ್ಯಾರ್ಥಿಗಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಸಾಮಾನ್ಯವಾಗಿ ದ್ವಿತೀಯ ಪಿಯುಸಿ ಮುಗಿಸಿದವರು ಅರ್ಜಿ ಹಾಕಬಹುದು. ಎತ್ತರ, ರೂಪ, ಇಂಗ್ಲಿಷು ಇಷ್ಟಿದ್ದರೆ ಸಾಕೆಂದು ತಂದೆ ತಾಯಿ ಭಾವಿಸುತ್ತಾರೆ. ಈ ವೃತ್ತಿ ಹುಟ್ಟಿದ ರೀತಿ ನೋಡಿದರೆ ಹಾಗನ್ನಿಸುವುದಿಲ್ಲ. 1930ರ ಮೇ ತಿಂಗಳಲ್ಲಿ ಅಮೆರಿಕದ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಮೊಟ್ಟಮೊದಲ ಗಗನಸಖಿಯಾದ ಎಲೆನ್ ಚರ್ಚ್ ತರಬೇತಾದ ನರ್ಸ್. ಇಂದಿಗೂ ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ಆಪತ್ತಿನಲ್ಲಿ ಜನರನ್ನು ಹೊರಗೆ ಸಾಗಿಸುವುದು ತರಬೇತಿಯ ಮುಖ್ಯ ಭಾಗ. ಅರ್ಧದಷ್ಟು ಬಾಗಿಲುಗಳು ಮಾತ್ರ ತೆರೆದರೂ 90 ಸೆಕೆಂಡಿನಲ್ಲಿ ವಿಮಾನ ಖಾಲಿಯಾಗಬೇಕೆಂಬುದು ದೊಡ್ಡ ವಿಮಾನಗಳಿಗೆ ಇಟ್ಟಿರುವ ಪರೀಕ್ಷೆ. 1986ರ ಸೆಪ್ಟೆಂಬರ್ 5ರಂದು ಕರಾಚಿಯಲ್ಲಿ ಅಪಹರಣಕ್ಕೊಳಗಾದ ಪ್ಯಾನ್ ಆಮ್ ವಿಮಾನದಲ್ಲಿ ಪ್ರಯಾಣಿಕರನ್ನು ಉಳಿಸುತ್ತ ಪ್ರಾಣ ಕೊಟ್ಟ ನೀರಜಾ ಭಾನೋಟ್ ಅವರಿಗೆ ಅಶೋಕ ಚಕ್ರ ಸಂದಿತು. ಕಾಫಿ ತಂದುಕೊಡುವ ಕೈಯೇ ಆಪತ್ತಿನ ಬಾಗಿಲನ್ನೂ ತೆರೆಯುವ ಕೈ. ನಾವು ಇಟ್ಟ ಕನ್ನಡದ ಹೆಸರೂ ‘ಸಖಿ’ ಎಂದೇ ಹೊರತು ‘ಸೇವಕಿ’ ಎಂದಲ್ಲ. ಈಗ ಈ ಕೆಲಸದಲ್ಲಿ ಗಂಡುಮಕ್ಕಳೂ ಇದ್ದಾರೆ.

ಹೀಗಾಗಿ ಸಂದರ್ಶನಕ್ಕೆ ಸಿದ್ಧರಾಗುವವರು ಮೇಲಿನ ಮಗ ಮತ್ತು ತಾಯಿಯ ಸಂದರ್ಭವನ್ನೇ ಎದುರಿಗಿಟ್ಟುಕೊಂಡು ಯೋಚಿಸಿ. “ನಿಯಮ ಇಲ್ಲ” ಎಂದಷ್ಟೇ ಹೇಳುವವರು ಬೇಕಾದಷ್ಟು ಸಿಗುತ್ತಾರೆ. ನಿಯಮವನ್ನೂ ಮುರಿಯದೆ ಮನಸ್ಸನ್ನೂ ಮುರಿಯದೆ ಹೇಳುವವರು ವಿರಳ. ಇದನ್ನು ಅಭ್ಯಾಸ ಮಾಡಲು ವಿಮಾನವೇ ಬೇಕಾಗಿಲ್ಲ. ಮನೆಯ ಮದುವೆಯಲ್ಲಿ ಬಡಿಸುವಾಗ, ಕಾಲೇಜಿನ ಸಮಾರಂಭದಲ್ಲಿ ಸ್ವಯಂಸೇವಕರಾಗಿ ಜನರನ್ನು ಕೂರಿಸುವಾಗ ಅಭ್ಯಾಸ ಮಾಡಬಹುದು. ಮುಂದಿನ ಸಾಲು ಗಣ್ಯರಿಗೆಂದು ಮೀಸಲಿಟ್ಟಿರುತ್ತೀರಿ. ಗೊತ್ತಿಲ್ಲದೆ ಬಂದು ಕೂತ ಯಾರದೋ ತಂದೆಯನ್ನು ಹೇಗೆ ಏಳಿಸುತ್ತೀರಿ ಎಂಬುದೇ ನಿಮ್ಮ ಪರೀಕ್ಷೆ.

ತಂದೆ ತಾಯಿಗಳಿಗೂ ನಾಲ್ಕು ಮಾತು. ಸೀಟು ಬದಲಿಸುವ ಯೋಚನೆಯಿದ್ದರೆ ಬೋರ್ಡಿಂಗ್ ಪಾಸ್ ಪಡೆಯುವ ಕೌಂಟರಿನಲ್ಲೇ ಕೇಳಿ. ಅಲ್ಲಿ ಸಾಧ್ಯವಾದರೆ ಹೆಸರು, ಊಟ ಎಲ್ಲ ಸರಿಯಾಗಿ ಬದಲಾಗುತ್ತದೆ. ಅಲ್ಲಿ ಆಗದಿದ್ದರೆ ವಿಮಾನ ಏರಿ ಸೀಟ್‌ಬೆಲ್ಟಿನ ದೀಪ ಆರುವವರೆಗೆ ತಾಳಿ, ಆಮೇಲೆ ಗಗನಸಖಿಯನ್ನು ಕೇಳಿ. ಮೊದಲು ಕೂತು ಆಮೇಲೆ ವಾದಿಸಬೇಡಿ. ಒಮ್ಮೆ ಬದಲಾಯಿಸಿದರೆ ಅದೇ ಕೊನೆ. ಗಂಟೆಗೊಮ್ಮೆ ಅದಲು ಬದಲು ಬೇಡ. ಒಪ್ಪದಿದ್ದರೆ ದನಿ ಏರಿಸಬೇಡಿ. ನಮ್ಮ ದೇಶದಲ್ಲಿ 2017ರಲ್ಲಿ ಬಂದ ನಿಯಮದಲ್ಲಿ ವಿಮಾನದೊಳಗೆ ಬಾಯಿಮಾತಿನಲ್ಲಿ ದುರ್ವರ್ತನೆ ತೋರಿದವರಿಗೂ ಮೂರು ತಿಂಗಳವರೆಗೆ ಹಾರಾಟ ನಿಷೇಧಿಸುವ ಅವಕಾಶ ಕೊಡಲಾಯಿತು. ಅದಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ನಿಮ್ಮ ಮಕ್ಕಳಿರುತ್ತಾರೆ. ಇಲ್ಲ ಎಂಬ ಮಾತನ್ನು ಅಪ್ಪ ಹೇಗೆ ತೆಗೆದುಕೊಂಡರು ಎಂಬುದನ್ನು ಅವರು ಮರೆಯುವುದಿಲ್ಲ.

ಇನ್ನು ಆ ಮಗನ ಮಾತು. ಒಪ್ಪಿಗೆ ಸಿಗದಿದ್ದರೂ ಅವನಿಗೆ ಕೆಲಸ ಉಳಿದಿದೆ. ತಾಯಿಗೆ ಓಡಾಡಲು ಅನುಕೂಲವಾಗುವ ದಾರಿಬದಿಯ ಸೀಟು, ಗಾಲಿಕುರ್ಚಿಯ ಸಹಾಯ, ಹೊಂದುವ ಊಟ ಇವನ್ನೆಲ್ಲ ಟಿಕೆಟ್ ಕೊಳ್ಳುವಾಗಲೇ ಹೇಳಿಡಬಹುದು. ಮುಂದಿನ ಸಲ ಕೈಯಲ್ಲಿ ಹಣವಿದ್ದರೆ ಮುಂದಿನ ಸೀಟನ್ನು ತಾಯಿಯ ಹೆಸರಿಗೇ ಕೊಳ್ಳಬಹುದು. ಹಣವಿಲ್ಲದಿದ್ದರೆ ಹಿಂದೆ ಅವರ ಪಕ್ಕದಲ್ಲಿ ತಾನೂ ಒಂದು ಸೀಟು ಹಿಡಿದು, ಗಂಟೆಗೊಮ್ಮೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಬಹುದು. ಅದಕ್ಕೆ ಯಾವ ಗಗನಸಖಿಯೂ ಬೇಡವೆನ್ನುವುದಿಲ್ಲ.